ಎಂಟು ತಟ್ಟೆಯ ತೋಳು

ನಮ್ಮ ಕ್ಲಿನಿಕ್ಕಿಗೆ ಬಂದವರನ್ನು ನಾನು ಮೊದಲು ಕೇಳುವುದು ಹೆಸರಲ್ಲ, ವಯಸ್ಸಲ್ಲ. "ಎಲ್ಲಿ ಬಿದ್ದಿರಿ?" ಎಂದು ಕೇಳುತ್ತೇನೆ. ಮೆಟ್ಟಿಲ ಮೇಲೆ, ಬಸ್ಸಿನಿಂದ, ಮೊಮ್ಮಗನ ಸೈಕಲ್ಲಿಗೆ ಅಡ್ಡ ಹೋಗಿ ಎಂದರೆ ಟೋಕನ್ ಕೊಡುತ್ತೇನೆ. ಕೆಲಸದ ಜಾಗದಲ್ಲಿ ಎಂದರೆ, "ಡಾಕ್ಟರಿಗೆ ಈ ವಾರ ಪೂರ್ತಿ ಬಿಡುವಿಲ್ಲ" ಎನ್ನುತ್ತೇನೆ. ಇದು ಸುಳ್ಳಲ್ಲ. ಅವನಿಗೆ ಯಾವ ವಾರವೂ ಬಿಡುವಿರುವುದಿಲ್ಲ. ಸುಳ್ಳಾಗಬಾರದೆಂದೇ ಆ ವಾಕ್ಯವನ್ನು ಮೂರು ದಿನ ಯೋಚಿಸಿ ಕಟ್ಟಿದ್ದೆ.

ಡಾಕ್ಟರ್ ಎಂದರೆ ನನ್ನ ತಮ್ಮ ಗುರುಚರಣ, ಮೂಳೆ ತಜ್ಞ. ಮೈಲಾಪೂರಿನಲ್ಲಿ ಕೆಳಗೆ ಅವನ ಕ್ಲಿನಿಕ್, ಮೇಲೆ ಅಮ್ಮ, ಅವನು, ನಾನು. ಸ್ಟ್ಯಾಟಿಸ್ಟಿಕ್ಸ್ ಓದಿದವಳು ಟೋಕನ್ ಕೊಡುತ್ತಾ ಕೂತಿದ್ದಾಳಲ್ಲ ಎಂದು ನಂಟರು ಮರುಗುತ್ತಾರೆ. ಬಾಗಿಲಲ್ಲಿ ಕೂತು ಬರುವವರನ್ನೆಲ್ಲ ನೋಡುತ್ತಿದ್ದರೆ ಸದಾ ಏನೋ ಅನಾಹುತವಾದೀತೆಂದು ಹೆದರುವ ನನಗೆ ಅಷ್ಟರ ಮಟ್ಟಿಗೆ ಎದೆ ಹಗುರ, ಅದು ಅವರಿಗೆ ಗೊತ್ತಿಲ್ಲ.

ಈ ನಿಯಮ ಗುರುವಿನದು. ಐದು ವರ್ಷದ ಹಿಂದೆ ಅವನು ಒಬ್ಬ ಲೇತ್ ಕೆಲಸಗಾರನ ಬೆರಳಿಗೆ ಚಿಕಿತ್ಸೆ ಮಾಡಿ, ಶೇಕಡಾ ಇಪ್ಪತ್ತು ನಷ್ಟ ಎಂದು ಬರೆದುಕೊಟ್ಟ. ಅದೊಂದು ಅಂಕಿಗಾಗಿ ಪರಿಹಾರದ ವಿಚಾರಣೆಗೆ ಆರು ಸಲ ಸಮನ್ಸ್ ಬಂತು. ಮೊದಲ ನಾಲ್ಕು ಸಲವೂ ಹೋದ ಮೇಲೆ ವಾಯಿದೆ, ಇನ್ನೊಂದು ದಿನ ಬನ್ನಿ ಎಂದರು. ಐದನೆಯ ಸಲ ಮಾಲೀಕನ ವಕೀಲ, "ಇಪ್ಪತ್ತೇ ಯಾಕೆ, ಹದಿನೆಂಟು ಯಾಕಲ್ಲ?" ಎಂದು ಕೇಳಿದ. ಆರನೆಯ ಸಲ ಕೆಲಸಗಾರನ ವಕೀಲ, "ಮೂವತ್ತು ಯಾಕಲ್ಲ?" ಎಂದ. ಮಾಲೀಕ ಫೋನ್ ಮಾಡಿ ಬೈದ, ಕೆಲಸಗಾರ ಬಂದು ಅತ್ತ. ಇತ್ತ ಕ್ಲಿನಿಕ್ಕಿನಲ್ಲಿ ಕಾದು ಕಾದು ಸೊಂಟನೋವಿನವರಿಗೆ ಕತ್ತುನೋವೂ ಬಂತು. ಆರನೆಯ ದಿನ ಗುರು ಬೂಟು ಬಿಚ್ಚದೆ ಸೀದಾ ದೇವರ ಮನೆಯ ಮುಂದೆ ನಿಂತು, "ಇನ್ನು ಸತ್ತರೂ ಇಂಥ ಕೇಸ್ ಮುಟ್ಟೋದಿಲ್ಲ" ಎಂದು ಕೈಮುಗಿದ. ಅಮ್ಮ ಬೂಟಿನ ಬಗ್ಗೆ ಮಾತ್ರ ಕೂಗಿದರು. ಅವತ್ತಿನಿಂದ ಬಾಗಿಲ ಪ್ರಶ್ನೆ ನನ್ನದಾಯಿತು.

ಕಳೆದ ದ್ವಾದಶಿಯ ಬೆಳಿಗ್ಗೆ ಏಳೂಕಾಲಿಗೇ ಒಬ್ಬ ಹೆಂಗಸು ಎದೆಗೆ ಒಂದು ಫೈಲು ಅವಚಿಕೊಂಡು ಕ್ಲಿನಿಕ್ಕಿಗೆ ಬಂದರು. ಒಂಬತ್ತಕ್ಕೆ ತೆರೆಯುವ ಕ್ಲಿನಿಕ್. ನಾನು ಹಿಂದಿನ ದಿನದ ಉಪವಾಸದಲ್ಲಿ ತೂಕಡಿಸುತ್ತಾ ಮೇಜು ಒರೆಸುತ್ತಿದ್ದೆ.

"ಅಕ್ಕಾ, ಒಂದು ಟೋಕನ್. ನನ್ನ ಗಂಡನಿಗೆ, ಸುಬ್ರಾಯ ಅಂತ ಹೆಸರು. ನಾನು ಜಲಜಾಕ್ಷಿ. ಈ ತಮಿಳು ಊರಲ್ಲಿ ನಿಮ್ಮ ಬೋರ್ಡಲ್ಲಿ ಕನ್ನಡ ನೋಡಿ ಖುಷಿಯಾಯ್ತು ಮಾರಾಯ್ರೆ."

"ಎಲ್ಲಿ ಬಿದ್ದರು?"

"ನಾನು ನಿಜ ಹೇಳ್ಬೇಕಾ, ಅಲ್ಲ ಟೋಕನ್ ಸಿಗುವ ಹಾಗೆ ಹೇಳ್ಬೇಕಾ?"

ಐದು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ನಿಜವನ್ನೇ ಹೇಳಿ" ಎಂದೆ.

"ಆ ಗಿಂಡಿ ಏರಿಯಾದಲ್ಲಿ ಒಂದು ಹೋಟ್ಲು. ಇವ್ರು ಅಲ್ಲಿ ಸಪ್ಲೈಯರ್, ಇಪ್ಪತ್ತೆರಡು ವರ್ಷದಿಂದ. ಎಡಗೈ ಮೇಲೆ ಸಾಲಾಗಿ ಎಂಟು ತಟ್ಟೆ ಇಟ್ಕೊಂಡು ಬರ್ತಾರೆ, ಭುಜದ ತನಕ. ಎಂಟು ದೋಸೆ, ಒಂದೇ ಟ್ರಿಪ್ಪು. ಕೈತೊಳೆಯುವಲ್ಲಿ ನೀರು ಚೆಲ್ಲಿತ್ತು, ಜಾರಿದ್ರು. ತಟ್ಟೆ ಒಂದೂ ಬೀಳ್ಲಿಲ್ಲ ನೋಡಿ! ಎಂಟು ಗಿರಾಕಿಗಳು ಎದ್ದು ಹಿಡ್ಕೊಂಡ್ರು. ಇವ್ರನ್ನು ಯಾರೂ ಹಿಡೀಲಿಲ್ಲ."

ಮೊಣಕೈ ಮುರಿದಿತ್ತು. ದೊಡ್ಡಾಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ತಿಂಗಳ ಮೇಲೆ ಬಿಚ್ಚಿ, ಮುಂದಿನ ಚಿಕಿತ್ಸೆಗೆ ಹತ್ತಿರದ ಡಾಕ್ಟರನ್ನು ನೋಡಿ ಎಂದಿದ್ದರು. ಕೈ ಮರಗಟ್ಟಿದ ಹಾಗೆ ನಿಂತುಬಿಟ್ಟಿತ್ತು. ಹೋಟೆಲಿನವರು ಒಳ್ಳೆಯವರೇ, ಇನ್ಶೂರೆನ್ಸ್ ಇತ್ತು. ಆದರೆ ಕೈ ನೋಡಿದ ಡಾಕ್ಟರು, ಏಟು ಎಲ್ಲಿ ಬಿತ್ತು, ಎಷ್ಟು ನಷ್ಟ, ಯಾವಾಗ ಕೆಲಸಕ್ಕೆ ಹೋಗಬಹುದು ಎಂದು ಬರೆಯಬೇಕಿತ್ತು.

"ಮೊದಲನೆ ಡಾಕ್ಟ್ರಿಗೆ ಕೆಲ್ಸದಲ್ಲಿ ಬಿದ್ದದ್ದು ಅಂದೆ" ಎಂದು ಜಲಜಾಕ್ಷಿ ಬೆರಳು ಮಡಚಿದರು. "ಅವ್ರು ಕುರ್ಚಿಯಲ್ಲಿ ಕೂತ್ಕೊಂಡೇ, ನಾನು ರಜೆಯಲ್ಲಿದ್ದೇನೆ ಅಂದ್ರು. ಎರಡನೆಯವ್ರು, ನಾನು ಮೊಣಕಾಲು ಮಾತ್ರ ನೋಡುವುದು ಅಂದ್ರು. ಅವ್ರ ಬಾಗಿಲಲ್ಲಿ ಇಷ್ಟು ದೊಡ್ಡ ಮೊಣಕೈ ಚಿತ್ರ ಉಂಟು! ಮೂರನೆಯವ್ರು, ಕೇಸ್ ಮುಗಿಸಿ ಬನ್ನಿ ಅಂದ್ರು. ಇನ್ಶೂರೆನ್ಸಿನವ ಹೇಳ್ತಾನೆ, ಟ್ರೀಟ್ಮೆಂಟ್ ಮುಗಿಸಿ ಬನ್ನಿ. ನಾಲ್ಕನೆಯವ್ರ ಹತ್ರ ನಂಗೆ ತಲೆ ಕೆಟ್ಟು, ಬಾತ್‌ರೂಮಲ್ಲಿ ಜಾರಿದ್ರು ಅಂದೆ. ಎಷ್ಟು ಪ್ರೀತಿ ಬಂತು ಅಂತೀರಿ! ಕೂತ್ಕೊಳ್ಳಿ ಅಂದ್ರು, ಫ್ಯಾನ್ ಹಾಕಿದ್ರು, ಪೆನ್ ತೆಗೆದ್ರು. ಆಗ ಇವ್ರು, 'ಬಾತ್‌ರೂಮಿಗೆ ನಾನು ಎಂಟು ದೋಸೆ ಎಂತಕ್ಕೆ ತಕೊಂಡು ಹೋಗ್ಲಿ?' ಅಂತ ನನ್ನನ್ನೇ ಕೇಳಿಬಿಟ್ರು. ಆ ಡಾಕ್ಟ್ರು ಪೆನ್ ಮುಚ್ಚಿದ ಸದ್ದು ಇನ್ನೂ ನನ್ನ ಕಿವಿಯಲ್ಲುಂಟು."

ನಗಬಾರದೆಂದು ಕೆನ್ನೆ ಕಚ್ಚಿಕೊಂಡೆ. ಬಾತ್‌ರೂಮ್ ಎಂದರೆ ಚಿಕಿತ್ಸೆ ಸಿಗುತ್ತದೆ, ಪರಿಹಾರ ಹೋಗುತ್ತದೆ. ಹೋಟೆಲ್ ಎಂದರೆ ಪರಿಹಾರ ಉಂಟು, ಡಾಕ್ಟರಿಲ್ಲ. ಅಷ್ಟರಲ್ಲಿ ಕೈ ಪೂರ್ತಿ ಕೂತುಬಿಟ್ಟರೆ ಈ ಸಪ್ಲೈಯರ್ ಇನ್ನು ಸಪ್ಲೈಯರ್ ಅಲ್ಲ. ಇಷ್ಟು ತಿಳಿದೂ ನಾನು ಹೇಳಿದ್ದು, "ಡಾಕ್ಟರಿಗೆ ಈ ವಾರ ಪೂರ್ತಿ ಬಿಡುವಿಲ್ಲ."

"ಮುಂದಿನ ವಾರ?"

"ಆ ವಾರವೂ ಇಲ್ಲ" ಎಂದುಬಿಟ್ಟೆ. ಮುಂದಿನ ವಾರದ ಪ್ರಶ್ನೆಗೆ ನಾನು ವಾಕ್ಯ ಕಟ್ಟಿಟ್ಟುಕೊಂಡಿರಲಿಲ್ಲ.

ಜಲಜಾಕ್ಷಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ರಜೆಯಲ್ಲಿದ್ದೇನೆ ಅನ್ನಲಿಲ್ಲವಲ್ಲ, ಅಷ್ಟು ಸಾಕು" ಎಂದು ಫೈಲು ಮುಚ್ಚಿದರು. "ಇವ್ರು ಬರ್ಲಿ, ಹೊರಡ್ತೇವೆ. ಎಲ್ಲಿ ಹೋದ್ರು? ಇಲ್ಲೇ ನಿಂತಿದ್ರಲ್ಲ!"

ಹೊರಗೆ ನೋಡಿದೆವು. ನಲ್ಲಿಯ ಹತ್ತಿರ ಇಲ್ಲ. ಎದುರಿನ ಆಟೋ ಸ್ಟ್ಯಾಂಡಿನಲ್ಲಿಲ್ಲ. ಕಳೆದುಹೋದವರ ಸುದ್ದಿಗಳೆಲ್ಲ ನನ್ನ ತಲೆಯಲ್ಲಿ ಸಾಲುಗಟ್ಟಿದವು. ಆಗ ನಮ್ಮ ಮಹಡಿ ಮೆಟ್ಟಿಲ ಬುಡದಲ್ಲಿ ಒಂದು ಜೊತೆ ಚಪ್ಪಲಿ ಕಂಡಿತು. ಮೇಲಿನಿಂದ ಅಮ್ಮನ ಗಂಟಲು ಕೇಳಿಸಿತು: "ಕೋಸಂಬರಿ ಮೊದ್ಲು ಬಡಿಸಪ್ಪಾ! ಬೇಗ, ಸೀಕ್ರಂ, ಸೀಕ್ರಂ!"

ಅಲ್ಲಿ ನಡೆದಿದ್ದು ಇಷ್ಟು. ಏಕಾದಶಿಯ ಉಪವಾಸ ಬಿಡುವ ಪಾರಣೆಯ ಊಟಕ್ಕೆ ಅಮ್ಮ ಸೋದರಮಾವ ಕಮಲಾಕರನನ್ನೂ ಮಠದ ನಾಲ್ವರನ್ನೂ ಕರೆದಿದ್ದರು. ದ್ವಾದಶಿ ಇರುವುದು ಎಂಟು ಗಂಟೆಯ ತನಕ, ಅಷ್ಟರೊಳಗೆ ಊಟ ಮುಗಿಯಬೇಕು. ಬಡಿಸುವುದಕ್ಕೆ ಉಡುಪಿ ಕಡೆಯ ಒಬ್ಬರನ್ನು ಕಳಿಸುತ್ತೇವೆಂದು ಮಠದವರು ಹೇಳಿದ್ದರು. ಏಳಾದರೂ ಬಂದಿಲ್ಲ. ಅಮ್ಮ ಬಾಲ್ಕನಿಯಿಂದ ಬಗ್ಗಿ ನೋಡಿದರೆ, ಗೇಟಿನೊಳಗೆ ಒಬ್ಬ ಗಂಡಸು ನಿಂತಿದ್ದ. ಒದ್ದೆ ಕೂದಲು, ಬಿಳಿ ಪಂಚೆ, ಅಂಗಿಯಿಲ್ಲದ ಮೈಮೇಲೆ ಜನಿವಾರ, ಹೆಗಲಿಗೆ ಶಲ್ಯ. ಒಂದೇ ಕೈಯಲ್ಲಿ ಪ್ಯಾಂಟಿನ ಗುಂಡಿ ಹಾಕಲಾಗದೆ ಪಂಚೆ, ಮಡಚಿದ ಕೈಗೆ ಅಂಗಿಯ ತೋಳು ಏರದೆ ಶಲ್ಯ ಎಂಬುದು ಅಮ್ಮನಿಗೆ ಹೇಗೆ ತಿಳಿಯಬೇಕು?

"ಬಂದ್ಯಾಪ್ಪಾ? ಇಷ್ಟು ಲೇಟಾ? ಸ್ನಾನ ಆಯ್ತಲ್ಲ?" ಎಂದರಂತೆ.

"ಆಯ್ತಮ್ಮಾ" ಎಂದರಂತೆ ಸುಬ್ರಾಯರು. ಇಂಥ ದೊಡ್ಡ ಡಾಕ್ಟರ ಮನೆಯಲ್ಲಿ ಸ್ನಾನ ಮಾಡಿಬಂದವರನ್ನೇ ನೋಡುವುದಿರಬೇಕು ಎಂದುಕೊಂಡರಂತೆ. ಮೇಲೆ ಹೋದ ತಕ್ಷಣ ಅಮ್ಮ ಕೈಗೆ ಪಾತ್ರೆ ಕೊಟ್ಟರು. ಇಪ್ಪತ್ತೆರಡು ವರ್ಷ ಸಪ್ಲೈ ಮಾಡಿದವರ ಕೈ, ಪಾತ್ರೆ ಕೊಟ್ಟರೆ ಯಾಕೆ ಎಂದು ಕೇಳುವುದಿಲ್ಲ.

ಜಲಜಾಕ್ಷಿ, ನಾನು ಓಡಿ ಮೇಲೆ ಹತ್ತಿ ಬಾಗಿಲಲ್ಲಿ ನಿಂತೆವು. ಎಲೆಗಳ ಸಾಲು. ಕೊನೆಯಲ್ಲಿ ಗುರು ಮೂವತ್ತಾರು ಗಂಟೆಯ ಹಸಿವಿನಲ್ಲಿ ಅಗಸೆ ಸೊಪ್ಪಿನ ಪಲ್ಯವನ್ನು ಪ್ರೀತಿಯಿಂದ ನೋಡುತ್ತಾ ಕೂತಿದ್ದ.

"ಅಕ್ಕಾ, ಯಾರಿವರು? ಹೊಸಬರಾ?" ಎಂದು ನನ್ನನ್ನು ಕೇಳಿದ.

"ಅಮ್ಮ ಕರೆದದ್ದು" ಎಂದೆ. ಇದೂ ಸುಳ್ಳಲ್ಲ.

"ನಿಲ್ಸಿ ಅಕ್ಕಾ, ಅವ್ರಿಗೆ ಆಗುದಿಲ್ಲ" ಎಂದು ಜಲಜಾಕ್ಷಿ ನನ್ನ ಕೈ ಹಿಂಡಿದರು. ಆದರೆ ಸುಬ್ರಾಯರ ಮುಖ ನೋಡಿ ಅವರೇ ಸುಮ್ಮನಾದರು. ಎರಡು ತಿಂಗಳು ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ ಮನುಷ್ಯ ಪಂಕ್ತಿಯ ನಡುವೆ ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದರು. "ಇನ್ನೊಂದ್ಸ್ವಲ್ಪ ಹಾಕ್ಲಾ? ಅನ್ನ ಬರ್ತಾ ಉಂಟು!" ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಲಗೈಯಲ್ಲೇ ಎಲ್ಲ ನಡೆಸಿದ್ದರು.

ಗಂಟೆ ಏಳು ಮುಕ್ಕಾಲು ಆಯಿತು. ಅಮ್ಮನ ಅವಸರ ಹೆಚ್ಚಿತು. ತಟ್ಟೆಗಳಲ್ಲಿ ಕಡಲೆಬೇಳೆ ಬೆಲ್ಲದ ಹಯಗ್ರೀವ ತುಂಬಿಟ್ಟು, "ಒಂದೊಂದೇ ತಗೊಂಡ್ ಹೋದ್ರೆ ದ್ವಾದಶಿ ಹೋಗಿ ತ್ರಯೋದಶಿ ಬರತ್ತಪ್ಪಾ!" ಎಂದರು.

ಬೇರೆ ಯಾರಿಗೆ ಈ ಮಾತು ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಸುಬ್ರಾಯರು ಎಡಗೈ ಚಾಚಿದರು. ಒಂದು ತಟ್ಟೆ ಬೆರಳ ಮೇಲೆ, ಒಂದು ಮಣಿಕಟ್ಟಿನ ಮೇಲೆ, ಒಂದು ಮುಂದೋಳಿನ ಮೇಲೆ, ನಾಲ್ಕನೆಯದು ಮೊಣಕೈಯ ಮಡಿಕೆಯಲ್ಲಿ. ಐದು ಹೆಜ್ಜೆ ನಡೆದರು. ಆದರೆ ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ, ಗೋಡೆಯ ಕಡೆಗೇ ನೋಡುತ್ತಿತ್ತು. ತಟ್ಟೆಗಳು ಓರೆಯಾದವು.

ಗುರುವಿನ ತುತ್ತು ಬಾಯಿಯ ಹತ್ತಿರ ನಿಂತಿತು. ಕಣ್ಣು ಅಗಲವಾಯಿತು. ಹಸಿವೆಲ್ಲ ಮರೆತು, "ಆ ಮುಂದೋಳು ಯಾಕೆ ತಿರುಗ್ತಾ ಇಲ್ಲ?" ಎಂದ.

ಆ ಪ್ರಶ್ನೆಗೆ ಉತ್ತರವಾಗಿ ಮೊದಲನೆಯ ತಟ್ಟೆ ಅವನ ಮಡಿಲಿಗೆ ಬಿತ್ತು. ಎರಡನೆಯದು ಕಮಲಾಕರ ಮಾವನ ಎಲೆಗೆ ಸರಿಯಾಗಿ ಬಿತ್ತು, ಅವರು ಬೇಡವೆನ್ನಲಿಲ್ಲ. ಮೂರನೆಯದು ನೆಲಕ್ಕೆ. ನಾಲ್ಕನೆಯದನ್ನು ಉಳಿಸಲು ಸುಬ್ರಾಯರು ತಿರುಗಿದರು, ತುಪ್ಪದ ಹಯಗ್ರೀವದ ಮೇಲೆ ಕಾಲಿಟ್ಟರು.

"ಕೈ ಊರಬೇಡಿ!" ಎಂದು ಗುರು ಕಿರುಚಿದ.

ಊರಿಬಿಟ್ಟರು.

ಮಠದ ನಾಲ್ವರೂ ಎಲೆ ಬಿಟ್ಟು ಏಳುವ ಹಾಗಿಲ್ಲದೆ ಕೂತಲ್ಲೇ "ಹರಿ ಹರಿ" ಎಂದರು. ಅಮ್ಮ ಮಡಿಯಲ್ಲಿ ಯಾರನ್ನೂ ಮುಟ್ಟಲಾಗದೆ ದೂರದಿಂದಲೇ ಎರಡು ಕೈಯನ್ನೂ ಸುಬ್ರಾಯರ ಕಡೆ ಚಾಚಿ, "ಎದ್ದೇಳಪ್ಪಾ, ಕಣ್ಣಾ, ಎದ್ದೇಳು" ಎನ್ನುತ್ತಿದ್ದರು. ಗುರು ಎಂಜಲು ಕೈಯಲ್ಲೇ ಹಾರಿ ಬಂದು ಅವರ ಪಕ್ಕ ಮೊಣಕಾಲೂರಿ ಕೂತ. ಪಂಚೆಯ ತುಂಬ ಹಯಗ್ರೀವ.

"ಈ ಮೊಣಕೈ ಮೊದಲೇ ಮುರಿದಿತ್ತಲ್ವಾ? ಎಲ್ಲಿ? ಯಾವಾಗ?"

ಸುಬ್ರಾಯರು ಹೆಂಡತಿಯ ಮುಖ ನೋಡಿದರು. ಹೆಂಡತಿ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಹೋಟ್ಲಲ್ಲಿ ಸಾರ್" ಎಂದರು ಸುಬ್ರಾಯರು. "ಕೆಲ್ಸ ಮಾಡ್ತಾ. ಬಾತ್‌ರೂಮಲ್ಲಿ ಅಲ್ಲ."

ಗುರುವಿನ ಮುಖದಲ್ಲಿ ಆರು ಸಮನ್ಸುಗಳೂ ಒಂದರ ಹಿಂದೆ ಒಂದು ಹಾದುಹೋದವು. ನಿಧಾನವಾಗಿ ಕೈ ತೆಗೆದ. ಎದ್ದೇ ಹೋಗುತ್ತಾನೆ ಎಂದುಕೊಂಡೆ.

ಆಗ ಜಲಜಾಕ್ಷಿ ಫೈಲು ಬಿಡಿಸಿದರು. "ಒಂದು ಮಾತು ಕೇಳ್ಲಾ ಡಾಕ್ಟ್ರೇ? ಇವತ್ತು ಇವ್ರು ಬಿದ್ದದ್ದು ಯಾರ ಕೆಲ್ಸ ಮಾಡ್ತಾ?"

ಅಮ್ಮ ಚಾಚಿದ್ದ ಕೈ ಇಳಿಸಿದರು.

"ನಮ್ಮದೇ" ಎಂದರು ಅಮ್ಮ. "ನಾನೇ ಬಡಿಸು ಅಂದೆ, ಬೇಗ ಬಡಿಸು ಅಂತ ತರಾತುರಿ ಮಾಡಿದ್ದೂ ನಾನೇ. ದ್ವಾದಶಿ ದಿನ ಸುಳ್ಳು ಹೇಳೋಕಾಗಲ್ಲ."

"ಅಮ್ಮಾ, ಸ್ವಲ್ಪ ಸುಮ್ಮನಿರು!"

"ಹಾಗಾದ್ರೆ ಸಪ್ಲೈಯರ್ ಇವ್ರು, ಮಾಲೀಕ್ರು ನೀವು" ಎಂದರು ಜಲಜಾಕ್ಷಿ.

ಗುರು ಕಮಲಾಕರ ಮಾವನ ಕಡೆ ತಿರುಗಿದ. ಮಾವ ಬ್ಯಾಂಕಿನಲ್ಲಿ ಕಾನೂನು ವಿಭಾಗದಲ್ಲಿದ್ದು ನಿವೃತ್ತರಾದವರು. "ಮಾವಾ, ಹಾಗೆಲ್ಲ ಆಗತ್ತಾ? ಒಂದು ದಿನ ಮನೇಲಿ ಬಡಿಸಿದ್ದಕ್ಕೆ?"

ಮಾವ ತಮ್ಮ ಎಲೆಗೆ ಬಿದ್ದ ತಟ್ಟೆಯ ಹಯಗ್ರೀವವನ್ನು ಮುಗಿಸಿ ಹೇಳಿದರು: "ಆಗತ್ತೋ ಇಲ್ವೋ ಅನ್ನೋದು ಬೇರೆ ವಿಷ್ಯ ಕಣೋ. ಆಗಲ್ಲ ಅಂತ ಹೇಳೋಕಾದ್ರೂ ನೀನು ಹೋಗಿ ನಿಲ್ಲಬೇಕಲ್ಲ. ಈ ಸಲ ಡಾಕ್ಟರಾಗಿ ಅಲ್ಲ, ಮಾಲೀಕನಾಗಿ. ಒಂದು ಏಳೆಂಟು ವಾಯಿದೆ ಅಂತಿಟ್ಕೋ."

ನನ್ನೊಳಗೆ ಒಂದು ನಗು ಹೊಟ್ಟೆಯಿಂದ ಹೊರಟು ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಜಲಜಾಕ್ಷಿಯ ಭುಜವೂ ಅಲುಗುತ್ತಿತ್ತು. ನೆಲದಲ್ಲಿ ಕೂತಿದ್ದ ಸುಬ್ರಾಯರೊಬ್ಬರೇ ಗಂಭೀರವಾಗಿ, "ನಾಲ್ಕನೆ ತಟ್ಟೆ ಉಳೀತು ಅಮ್ಮಾ" ಎಂದು ಬಲಗೈಯಿಂದ ಅದನ್ನು ಎತ್ತಿ ತೋರಿಸಿದರು. ಅಷ್ಟೇ ಸಾಕಾಯಿತು. ಮಠದವರೂ ಸೇರಿ ಇಡೀ ಪಂಕ್ತಿ ನಕ್ಕಿತು. ಗುರು ಮಾತ್ರ ನಗಲಿಲ್ಲ.

"ಕೆಳಗೆ ನಡೀರಿ. ಎಕ್ಸ್‌ರೇ" ಎಂದ.

ಎಕ್ಸ್‌ರೇಯಲ್ಲಿ ಹೊಸ ಮುರಿತವಿರಲಿಲ್ಲ. ಹಳೆಯದು ಕೂಡಿಕೊಂಡಿತ್ತು, ಸುತ್ತಲಿನದೆಲ್ಲ ಬಿಗಿದುಕೊಂಡಿತ್ತು. ಜಲಜಾಕ್ಷಿಯಿಂದ ಹೋಟೆಲಿನ ಕತೆಯನ್ನೆಲ್ಲ ಕೇಳುತ್ತಾ ಗುರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಫಟ್ಟನೆ ಕುರ್ಚಿ ಎಳೆದುಕೊಂಡು, "ಅಕ್ಕಾ, ಪೇಪರ್ ತಗೋ. ಹಳೇ ಏಟು ಬೇರೆ, ಇವತ್ತಿಂದು ಬೇರೆ ಅಂತ ಒಂದು ಕೂದಲೂ ತಪ್ಪದ ಹಾಗೆ ಬರಿ. ತಾರೀಖು, ಜಾಗ, ಯಾರ ಕೆಲಸ, ಎಷ್ಟು ತಟ್ಟೆ, ನೆಲದಲ್ಲಿ ಎಲ್ಲಿ ನೀರಿತ್ತು, ಎಲ್ಲ ಬರಿ. ನಮ್ಮನೆ ಮೆಟ್ಟಿಲು ಹತ್ತೋದಕ್ಕೆ ಮೊದಲೇ ಈ ಕೈ ತಿರುಗ್ತಾ ಇರಲಿಲ್ಲ ಅಂತ ಮೊದಲನೇ ಸಾಲಲ್ಲೇ ಇರಬೇಕು!"

ನಾಲ್ವರು ಡಾಕ್ಟರು ಬರೆಯಲು ಹೆದರಿದ ಪ್ರತಿಯೊಂದು ಮಾತನ್ನೂ ನನ್ನ ತಮ್ಮ ಹೆದರಿಕೆಯಿಂದಲೇ ಬರೆಸುತ್ತಿದ್ದ.

ಜಲಜಾಕ್ಷಿಗೆ ಮೊದಲು ನಂಬಿಕೆ ಬರಲಿಲ್ಲ. "'ಕೆಲಸದ ವೇಳೆಯಲ್ಲಿ' ಅಂತ ಬರೀತೀರಾ?"

"ಬರೀತಾಳೆ! ಅಡಿಗೆರೆ ಎಳೀ ಅಕ್ಕಾ!"

ನಾನು ಒಂದೂವರೆ ಪುಟ ಬರೆದೆ. ನನ್ನ ಜೀವಮಾನದಲ್ಲಿ ಇಷ್ಟು ಖುಷಿಯಿಂದ ಪದ ಹೆಕ್ಕಿರಲಿಲ್ಲ. 'ಜಾರಿ' ಎಂದು ಬರೆದರೆ ಅವರದೇ ಅಜಾಗ್ರತೆ ಎನ್ನಬಹುದು ಎಂದು 'ಚೆಲ್ಲಿದ್ದ ನೀರಿನ ಮೇಲೆ ಕಾಲು ಜಾರಿ' ಎಂದೆ. 'ಕೆಲವು ತಟ್ಟೆ' ಬೇಡವೆಂದು 'ಎಂಟು' ಎಂದೆ. ಅಮ್ಮ ಮಡಿಸೀರೆಯಲ್ಲೇ ಇಳಿದುಬಂದು, ಯಾವುದನ್ನೂ ಮುಟ್ಟದೆ ಹೊಸ್ತಿಲಾಚೆ ನಿಂತು, "ನನ್ನ ತರಾತುರೀನೂ ಬರಿ" ಎಂದರು. ಅದನ್ನೂ ಬರೆದೆ. ಇವತ್ತು ಬಿದ್ದದ್ದು ಎಂದು ಬೇರೆ ಪ್ಯಾರಾ, ಹೊಸ ನಷ್ಟ ಕಂಡುಬಂದಿಲ್ಲ, ಒಂದು ವಾರದ ಮೇಲೆ ಮತ್ತೆ ನೋಡತಕ್ಕದ್ದು.

ಅಷ್ಟರಲ್ಲಿ ಗುರು ಸುಬ್ರಾಯರ ಕೈ ಹಿಡಿದು, ಮೆಲ್ಲಗೆ ತಿರುಗಿಸಿ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದ. ಅವನ ಮುಖ ಬದಲಾಯಿತು. ಮಾಲೀಕನ ಹೆದರಿಕೆ ಇಳಿದು ಡಾಕ್ಟರ ಮುಖ ಬಂತು.

"ಇನ್ನೊಂದು ತಿಂಗಳು ಬಿಟ್ಟಿದ್ರೆ ಇದು ಬರ್ತಾನೇ ಇರಲಿಲ್ಲ" ಎಂದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ, "ಅಕ್ಕಾ, ಇಂಥವರನ್ನ ಇದುವರೆಗೆ ಎಷ್ಟು ಜನರನ್ನ ವಾಪಸ್ ಕಳಿಸಿದೀಯ?"

"ನೀನು ಹೇಳಿದ ಹಾಗೆ..."

"ಎಷ್ಟು ಜನ?"

"ಹನ್ನೊಂದು" ಎಂದೆ. ಹನ್ನೆರಡಾಗುವುದರಲ್ಲಿತ್ತು ಎಂದು ಹೇಳಲಿಲ್ಲ. ಅವನಿಗೆ ತಿಳಿಯಿತು.

ಕಾಗದವನ್ನು ಅವನ ಮುಂದಿಟ್ಟೆ. ಓದಿದ. ಮಾಲೀಕರ ಹೆಸರಿನ ಜಾಗದಲ್ಲಿ ಗಿಂಡಿಯ ಹೋಟೆಲಿನ ಹೆಸರಿದೆಯೇ ಎಂದು ಎರಡು ಸಲ ಓದಿದ. ಸಹಿ ಹಾಕುವ ಮೊದಲು ಜಲಜಾಕ್ಷಿ ತಡೆದರು.

"ಡಾಕ್ಟ್ರೇ, ಆಮೇಲೆ ಕರೆದ್ರೆ ಹೋಗ್ತೀರಲ್ಲ? ಇಪ್ಪತ್ತೇ ಯಾಕೆ ಮೂವತ್ತೇ ಯಾಕೆ ಅಂತ ಕೇಳ್ತಾರಂತೆ, ಅಕ್ಕ ಹೇಳಿದ್ರು."

"ಶೇಕಡಾ ಎಷ್ಟು ಅಂತ ಈಗಲೇ ಬರೆಯೋದಿಲ್ಲಮ್ಮ. ಮೂರು ತಿಂಗಳು ನನ್ನ ಹತ್ರ ಬರಲಿ. ಕೈ ಎಲ್ಲಿಗೆ ಬಂದು ನಿಲ್ಲತ್ತೋ ನೋಡಿ ಬರೀತೀನಿ. ಕರೆದ್ರೆ ಹೋಗ್ತೀನಿ." ಗುರು ನಿಟ್ಟುಸಿರು ಬಿಟ್ಟ. "ಹೇಗೂ ಹೋಗೋದೇ. ಮಾಲೀಕನಾಗಿ ಹೋಗೋದಕ್ಕಿಂತ ಡಾಕ್ಟರಾಗಿ ಹೋಗೋದು ವಾಸಿ."

ಸಹಿ ಬಿತ್ತು. ಜಲಜಾಕ್ಷಿ ಕಾಗದವನ್ನು ಫೈಲಿನೊಳಗಿಟ್ಟು, ಫೈಲನ್ನು ಚೀಲದೊಳಗಿಟ್ಟು, ಚೀಲದ ಮೇಲೆ ತಾವೇ ಕೂತರು.

"ಈಗ ಶುರು ಮಾಡೋಣ" ಎಂದ ಗುರು. "ನೋವಾದ್ರೆ ಹೇಳಿ. ಒಂದು ತಟ್ಟೆ ಅಂತ ಅಂದ್ಕೊಳ್ಳಿ. ಅಂಗೈ ಮೇಲಕ್ಕೆ."

"ದೋಸೆಯಾ ಸಾರ್, ಇಡ್ಲಿಯಾ?"

"ಏನು ವ್ಯತ್ಯಾಸ?"

"ಇಡ್ಲಿಗೆ ಸಾಂಬಾರು ಉಂಟಲ್ಲ ಸಾರ್. ಚೆಲ್ಲಿದ್ರೆ ಗಿರಾಕಿ ಬೈತಾರೆ."

"ಸರಿ, ಇಡ್ಲಿ."

ಸುಬ್ರಾಯರು ಕಣ್ಣು ಮುಚ್ಚಿದರು. ಗುರು ಮಣಿಕಟ್ಟು ಹಿಡಿದು, ಬೀಗದೊಳಗೆ ಕೀಲಿ ತಿರುಗಿಸುವವನ ಹಾಗೆ, ಅಕ್ಕಿಕಾಳಿನಷ್ಟು ತಿರುಗಿಸಿದ. ನಿಂತಿತು. ಇನ್ನೊಂದು ಕಾಳಿನಷ್ಟು. ಸುಬ್ರಾಯರು ಹಲ್ಲು ಕಚ್ಚಿಕೊಂಡರು. ಗೋಡೆ ನೋಡುತ್ತಿದ್ದ ಅಂಗೈ ಗೋಡೆಯ ಮೇಲ್ಗಡೆಯಿದ್ದ ಗಡಿಯಾರ ನೋಡಿತು.

"ಬಂತು, ಬಂತು" ಎಂದರು ಅಮ್ಮ ಹೊಸ್ತಿಲಾಚೆಯಿಂದ. ಅವರ ಕತ್ತು ಓರೆಯಾಗಿತ್ತು. ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಂಡು ಬಂದು ನಿಂತಿದ್ದ ಕಮಲಾಕರ ಮಾವನ ಕತ್ತೂ ಓರೆಯಾಗಿತ್ತು. ಚೀಲದ ಮೇಲೆ ಕೂತ ಜಲಜಾಕ್ಷಿ ಸೊಂಟದಿಂದಲೇ ಬಾಗಿದ್ದರು. ಬಾಗಿಲ ಹೊರಗೆ ಒಂಬತ್ತರ ಟೋಕನ್ನಿಗೆ ಬಂದಿದ್ದವರು ಒಳಗೇನೆಂದು ತಿಳಿಯದೆ, ನಮ್ಮನ್ನು ನೋಡಿ ತಾವೂ ತಲೆ ವಾಲಿಸಿದರು. ನನ್ನ ತಲೆ ಯಾವಾಗ ವಾಲಿತೋ ನನಗೆ ಗೊತ್ತಿಲ್ಲ.

"ಸಾಂಬಾರು ಚೆಲ್ತಾ ಉಂಟಾ?" ಎಂದು ಕೇಳಿದ ಗುರು, ಅವನಿಗೇ ಗೊತ್ತಿಲ್ಲದೆ ಸುಬ್ರಾಯರ ಭಾಷೆಯಲ್ಲಿ.

"ಸ್ವಲ್ಪ ಉಂಟು ಸಾರ್" ಎಂದರು ಸುಬ್ರಾಯರು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಇನ್ನೊಂಚೂರು ತಿರುಗಿಸಿ."